ಒಂದೇ ಗಾಡಿ, ಇಬ್ಬರ ಅನ್ನ: ತೈವಾನ್‌ನ ಹುವಾಂಗ್ ಚುನ್‌ಮಿಂಗ್ ಕಥೆಗಳು

ಇವತ್ತು ಒಂದು ಸೈಕಲ್ ರಿಕ್ಷಾದಿಂದ ಶುರು ಮಾಡೋಣ. 1960ರ ದಶಕ, ತೈವಾನ್‌ನ ಸಣ್ಣ ಪಟ್ಟಣ. ಪ್ರಚಾರಕ್ಕೆ ಅಂತ ಮೂರು ಗಾಲಿಯ ರಿಕ್ಷಾ ಒಂದು ಬೀದಿಗೆ ಬರುತ್ತೆ. ಒಂದು ಕಥೆಯಲ್ಲಿ ಇಂಥ ಗಾಡಿ ಒಬ್ಬನ ಅನ್ನ ಕಿತ್ಕೊಳ್ಳುತ್ತೆ. ಇನ್ನೊಂದು ಕಥೆಯಲ್ಲಿ ಇಂಥದ್ದೇ ಗಾಡಿ ಇನ್ನೊಬ್ಬನಿಗೆ ಅನ್ನ ಕೊಡುತ್ತೆ. ಎರಡನ್ನೂ ಬರೆದವರು ಒಬ್ಬರೇ, ಹುವಾಂಗ್ ಚುನ್‌ಮಿಂಗ್.

ಅವರು ಹುಟ್ಟಿದ್ದು 1935ರಲ್ಲಿ, ತೈವಾನ್‌ನ ಈಶಾನ್ಯ ಭಾಗದ ಯೀಲಾನ್ ಪ್ರಾಂತ್ಯದ ಲುವೊಡೊಂಗ್ ಅನ್ನೋ ಊರಲ್ಲಿ. ಓದುವಾಗ ಒಂದಲ್ಲ, ಹಲವು ಶಾಲೆಗಳಿಂದ ಹೊರಗೆ ಹಾಕಿಸಿಕೊಂಡವರು. ಆಮೇಲೆ ಅವರೇ ಮೇಷ್ಟ್ರಾದ್ರು! ರೇಡಿಯೋದಲ್ಲಿ ಕೆಲಸ ಮಾಡಿದ್ರು, ತೈಪೆಗೆ ಹೋಗಿ ಜಾಹೀರಾತು ಕಂಪನಿಯಲ್ಲೂ ದುಡಿದ್ರು. ಈ ಕೊನೆಯದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಆ ಕಾಲದ ತೈವಾನ್ ಬಗ್ಗೆ ಒಂದೆರಡು ಮಾತು. 1945ರವರೆಗೆ ಜಪಾನ್ ಆಳ್ವಿಕೆ. ಆಮೇಲೆ ಚೀನಾದಿಂದ ಬಂದ ಕ್ವೊಮಿನ್‌ಟಾಂಗ್ ಸರ್ಕಾರ, 1949ರಿಂದ 1987ರವರೆಗೆ ಮಿಲಿಟರಿ ಕಾನೂನು. 1951ರಿಂದ 1965ರವರೆಗೆ ಅಮೆರಿಕದ ನೆರವಿನ ಹಣ ಹರಿದು ಬಂತು. 1966ರಲ್ಲಿ ಕಾವ್‌ಶ್ಯುಂಗ್ ಬಂದರಲ್ಲಿ ರಫ್ತಿಗಾಗಿಯೇ ಒಂದು ಕೈಗಾರಿಕಾ ವಲಯ ತೆರೆಯಿತು. ಭತ್ತದ ಗದ್ದೆ ಬಿಟ್ಟು ಹುಡುಗ ಹುಡುಗಿಯರು ಕಾರ್ಖಾನೆಗೆ ಹೊರಟರು. ನಾನು ಬಿ.ಕಾಂ. ಓದಿದವನು, ನಮ್ಮ ತರಗತಿಗಳಲ್ಲಿ ತೈವಾನ್ ಅಂದ್ರೆ ಬೆಳವಣಿಗೆಯ ಯಶೋಗಾಥೆ ಅಷ್ಟೇ. ಹಳೇ ಕೆಲಸ ಹೋಗುತ್ತೆ, ಹೊಸ ಕೆಲಸ ಬರುತ್ತೆ, ಜಮಾ ಖರ್ಚು ಸರಿಹೋಗುತ್ತೆ. ಆದರೆ ಖರ್ಚಿನ ಕಡೆ ಇರೋ ಮನುಷ್ಯನ ಹೆಸರೇನು? ಹುವಾಂಗ್ ಹಿಡಿದು ಕೂರೋದು ಈ ಪ್ರಶ್ನೆಯನ್ನ.

1969ರ ‘ಜಾಗಟೆ’ ಕಥೆಯಲ್ಲಿ ಅವನ ಹೆಸರು ಕಾಮ್ ಕಿಮ್‌ಆ. ಊರಿಗೆಲ್ಲ ಜಾಗಟೆ ಬಡಿದು ಸುದ್ದಿ ಸಾರೋನು. ನಮ್ಮಲ್ಲಿ ಡಂಗುರ ಸಾರೋದು ಅಂತೀವಲ್ಲ, ಅದೇ. ಮಗು ಕಳೆದುಹೋಗಿದೆ, ದೇವಸ್ಥಾನದಲ್ಲಿ ಪೂಜೆ ಇದೆ, ತೆರಿಗೆ ಕಟ್ಟಿ, ಎಲ್ಲ ಇವನ ಬಾಯಿಂದಲೇ ಬರಬೇಕು. ಒಂದು ದಿನ ಲೌಡ್‌ಸ್ಪೀಕರ್ ಕಟ್ಟಿದ ಸೈಕಲ್ ರಿಕ್ಷಾ ಬಂತು. ಯಾರೂ ಇವನನ್ನ ಕೆಲಸದಿಂದ ತೆಗೆಯಲಿಲ್ಲ, ಬೈಯಲೂ ಇಲ್ಲ. ಕರೆಯೋದನ್ನ ನಿಲ್ಲಿಸಿದ್ರು, ಅಷ್ಟೇ.

ಯುದ್ಧಕಾಲದ ಹಳೇ ಬಾಂಬ್ ಆಶ್ರಯತಾಣದಲ್ಲಿ ಇವನ ವಾಸ. ಹೊಟ್ಟೆಪಾಡಿಗೆ ಕೊನೆಗೆ ಶವಪೆಟ್ಟಿಗೆ ಅಂಗಡಿ ಎದುರಿನ ಮರದ ಕೆಳಗೆ ಕೂರೋ ಗುಂಪಿಗೆ ಸೇರ್ಕೊಳ್ತಾನೆ. ಯಾರಾದ್ರೂ ಸತ್ತರೆ ಇವರಿಗೆ ಕೂಲಿ. ಊರಲ್ಲಿ ಸಾವಿಗಾಗಿ ಕಾಯೋ ಜನ! ಕೇಳೋಕೆ ಭಯಂಕರ, ಆದರೆ ಹುವಾಂಗ್ ಇಲ್ಲಿ ನಗಿಸ್ತಾರೆ. ಯಾಕಂದ್ರೆ ಕಾಮ್ ಕಿಮ್‌ಆಗೆ ಹಸಿವಿಗಿಂತ ಮರ್ಯಾದೆಯದ್ದೇ ಚಿಂತೆ. ನಾನು ಈ ಸೋಮಾರಿಗಳ ಥರ ಅಲ್ಲ, ನನಗೊಂದು ಕಸುಬಿದೆ ಅಂತ ಮನಸ್ಸಲ್ಲೇ ವಾದ ಮಾಡ್ತಿರ್ತಾನೆ. ನಿಜ ಹೇಳ್ಬೇಕಂದ್ರೆ ಕಥೆಯ ಮಧ್ಯಭಾಗ ಸ್ವಲ್ಪ ಎಳೆಯುತ್ತೆ. ಆದರೂ ಬಿಡಬೇಡಿ. ಕೊನೆಯಲ್ಲಿ ತೆರಿಗೆ ವಿಷಯ ಸಾರೋಕೆ ಇವನಿಗೆ ಮತ್ತೆ ಕರೆ ಬರುತ್ತೆ. ಸಿಕ್ಕಿದ ಅವಕಾಶ ಕೈತಪ್ಪಬಾರದು ಅಂತ ಅತಿಯಾಗಿ ಕೂಗ್ತಾನೆ, ತನ್ನದೇ ಮಾತು ಸೇರಿಸ್ತಾನೆ, ಜೋರಾಗಿ ಬಡೀತಾನೆ. ಜಾಗಟೆ ಒಡೆದುಹೋಗುತ್ತೆ.

ಈಗ ಒಂದು ವರ್ಷ ಹಿಂದಕ್ಕೆ ಹೋಗೋಣ. 1968ರ ‘ಮಗನ ದೊಡ್ಡ ಗೊಂಬೆ’. ಕುನ್‌ಶು ಅನ್ನೋ ಬಡ ಯುವಕ. ಹೆಂಡತಿ ಬಸುರಿ, ಮಗುವನ್ನ ಸಾಕೋಕೆ ಗತಿಯಿಲ್ಲ, ಗರ್ಭ ತೆಗೆಸೋ ಔಷಧಿಯವರೆಗೂ ಮಾತು ಹೋಗಿದೆ. ಆಗ ಊರಿನ ಸಿನಿಮಾ ಥಿಯೇಟರಿನವರಿಗೆ ತಾನೇ ಒಂದು ಐಡಿಯಾ ಕೊಡ್ತಾನೆ: ಎದೆಗೊಂದು, ಬೆನ್ನಿಗೊಂದು ಬೋರ್ಡು ನೇತುಹಾಕ್ಕೊಂಡು ಬೀದಿ ಸುತ್ತಿ ಪ್ರಚಾರ ಮಾಡ್ತೀನಿ ಅಂತ. ಸ್ಯಾಂಡ್‌ವಿಚ್ ಮ್ಯಾನ್ ಅಂತಾರಲ್ಲ, ಅದು. ಮುಖಕ್ಕೆ ಬಣ್ಣ, ಹಳೇ ಯುರೋಪಿನ ಸೇನಾಧಿಕಾರಿ ವೇಷ, ಉರಿಬಿಸಿಲು. ಊರು ನಗುತ್ತೆ, ಮಾನ ತೆಗೆದೆ ಅಂತ ಸ್ವಂತ ದೊಡ್ಡಪ್ಪನೇ ಬೈತಾನೆ. ಆದರೆ ಮಗು ಉಳೀತು.

ಕೆಲವು ತಿಂಗಳಾದ ಮೇಲೆ ಥಿಯೇಟರ್ ಮ್ಯಾನೇಜರ್ ಹೇಳ್ತಾನೆ, ಈ ವೇಷ ಬೇಡ, ಇನ್ಮೇಲೆ ರಿಕ್ಷಾದಲ್ಲಿ ಪ್ರಚಾರ ಮಾಡು ಅಂತ. ನೋಡಿ, ಗಾಡಿ ಬಂತು! ಕುನ್‌ಶುಗೆ ಇದು ಬಿಡುಗಡೆ. ಬಣ್ಣ ತೊಳೆದು ಖುಷಿಯಿಂದ ಮಗನನ್ನ ಎತ್ಕೊಳ್ತಾನೆ. ಮಗು ಕಿರುಚಿ ಅಳೋಕೆ ಶುರುಮಾಡುತ್ತೆ. ಹುಟ್ಟಿದಾಗಿಂದ ಬಣ್ಣದ ಮುಖವನ್ನೇ ನೋಡಿದ ಮಗು ಅದು, ಈ ಮನುಷ್ಯ ಯಾರೋ ಅಪರಿಚಿತ. ಕುನ್‌ಶು ಸುಮ್ಮನೆ ಕನ್ನಡಿ ಮುಂದೆ ಕೂತು ಮತ್ತೆ ಬಣ್ಣ ಹಚ್ಚೋಕೆ ಶುರುಮಾಡ್ತಾನೆ. ಏನು ಮಾಡ್ತಿದ್ದೀ ಅಂತ ಹೆಂಡತಿ ಕೇಳಿದ್ರೆ, ಮಗ ಗುರುತು ಹಿಡೀಲಿ ಅನ್ನೋ ಅರ್ಥದ ಒಂದು ತೊದಲು ಮಾತು.

ಇದನ್ನ ಬರೆಯೋಕೆ ಜಾಹೀರಾತು ಕಂಪನಿಯಲ್ಲಿ ಕೆಲಸ ಮಾಡಿದವರೇ ಬೇಕಿತ್ತೇನೋ. ಜಾಹೀರಾತನ್ನ ಮೈಮೇಲೆ ಹೊತ್ತವನ ಬೆವರು ಹೇಗಿರುತ್ತೆ ಅಂತ ಇಲ್ಲಿ ಗೊತ್ತಾಗುತ್ತೆ. (ಪಾಡ್‌ಕಾಸ್ಟ್ ಮಧ್ಯೆ ಸ್ಪಾನ್ಸರ್ ಹೆಸರು ಓದೋ ನನಗೆ ಈ ಕಥೆ ಯಾಕೆ ಚುಚ್ಚಿತು ಅಂತ ಬಿಡಿಸಿ ಹೇಳ್ಬೇಕಾ!) ಆಧುನಿಕತೆ ಇಲ್ಲಿ ವಿಲನ್ ಅಲ್ಲ, ಅದನ್ನ ಗಮನಿಸಿ. ಹೊಸ ಥರದ ಪ್ರಚಾರವೇ ಮಗುವಿನ ಜೀವ ಉಳಿಸಿದ್ದು. ಆದರೆ ಅದು ಅಪ್ಪನ ಮುಖವನ್ನ ಅಡ ಇಟ್ಕೊಂಡಿತ್ತು.

ಬೆಲೆ ಅನ್ನೋದು ಹೇಗೆ ಕೆಲಸ ಮಾಡುತ್ತೆ ಅಂತ ತಿಳೀಬೇಕಾದ್ರೆ 1972ರ ‘ಸೇಬಿನ ರುಚಿ’ ಓದಿ. ಹಳ್ಳಿಯಿಂದ ತೈಪೆಗೆ ಬಂದ ಕೂಲಿ ಆಫಾ ಸೈಕಲ್‌ನಲ್ಲಿ ಹೋಗುವಾಗ ಅಮೆರಿಕನ್ ಕರ್ನಲ್ ಒಬ್ಬನ ಕಾರು ಗುದ್ದುತ್ತೆ. ಎರಡೂ ಕಾಲು ಮುರೀತು. ಅಮೆರಿಕದವರ ಬೆಳ್ಳಗೆ ಹೊಳೆಯೋ ಆಸ್ಪತ್ರೆ, ಕೈತುಂಬ ಪರಿಹಾರದ ಹಣ, ಮೂಗಿ ಮಗಳನ್ನ ಅಮೆರಿಕದಲ್ಲಿ ಓದಿಸ್ತೀವಿ ಅನ್ನೋ ಮಾತು. ಗುದ್ದಿದವನಿಗೆ ಆಫಾನೇ ‘ಥ್ಯಾಂಕ್ಸ್, ಕ್ಷಮಿಸಿ’ ಅಂತಾನೆ! ನೋಡೋಕೆ ಬಂದ ಜೊತೆ ಕೆಲಸಗಾರರಿಗೆ ಹೊಟ್ಟೆಕಿಚ್ಚು. ಆಮೇಲೆ ಮನೆಮಂದಿಗೆಲ್ಲ ಸೇಬು. ಹುಳಿ, ಬೆಂಡು ಬೆಂಡು, ಅಂದ್ಕೊಂಡಷ್ಟು ಸಿಹಿ ಇಲ್ಲ. ಒಂದು ಸೇಬಿನ ದುಡ್ಡಿಗೆ ಎರಡು ಕಿಲೋಗಿಂತ ಹೆಚ್ಚು ಅಕ್ಕಿ ಬರುತ್ತೆ ಅಂತ ಅಪ್ಪ ಹೇಳಿದ ಮೇಲೆ ಮಕ್ಕಳಿಗೆ ರುಚಿ ಹತ್ತೋಕೆ ಶುರುವಾಗುತ್ತೆ.

1983ರಲ್ಲಿ ಹುವಾಂಗ್ ಅವರ ಮೂರು ಕಥೆಗಳು ಒಂದೇ ಸಿನಿಮಾ ಆದವು. ‘ಗೊಂಬೆ’ಯನ್ನ ನಿರ್ದೇಶಿಸಿದ್ದು ಹೌ ಶಿಯಾವ್‌ಶಿಯೆನ್, ‘ಸೇಬಿನ ರುಚಿ’ಯನ್ನ ವಾನ್ ಜೆನ್. ಈ ಸೇಬಿನ ಭಾಗ ದೇಶದ ಮರ್ಯಾದೆ ತೆಗೆಯುತ್ತೆ ಅಂತ ಕತ್ತರಿ ಹಾಕೋಕೆ ಹೊರಟಾಗ ಪತ್ರಿಕೆಗಳಲ್ಲಿ ಗಲಾಟೆಯಾಯ್ತು. ಸೇಬಿನ ಸಿಪ್ಪೆ ಸುಲಿದ ಪ್ರಕರಣ ಅಂತಲೇ ಅದಕ್ಕೆ ಹೆಸರು. ಗುಡಿಸಲು ತೋರಿಸಿದ್ದು ಕೆಲವರಿಗೆ ನುಂಗಲಾಗಲಿಲ್ಲ.

ಇನ್ನೊಂದು ಕಥೆ, 1967ರದ್ದು, ಮುದಿ ಬೆಕ್ಕೊಂದು ಮುಳುಗಿ ಸಾಯೋದರ ಬಗ್ಗೆ ಅಂತ ಹೆಸರು ಹೇಳುತ್ತೆ. ಬೆಕ್ಕು ಅಂದ್ರೆ ಆಶೆಂಗ್ ಅನ್ನೋ ಅಜ್ಜ. ಹಳ್ಳಿಯ ಬುಗ್ಗೆ ನೀರಿನ ಹತ್ತಿರ ಈಜುಕೊಳ ಕಟ್ಟೋಕೆ ಹೊರಡ್ತಾರೆ. ಅದು ಡ್ರ್ಯಾಗನ್ ಕಣ್ಣು, ಮುಟ್ಟಿದ್ರೆ ಊರಿಗೆ ಕೇಡು ಅಂತ ಅಜ್ಜ ಹೋರಾಡ್ತಾನೆ, ಸೋಲ್ತಾನೆ, ಅದೇ ಕೊಳಕ್ಕೆ ಹಾರಿ ಸಾಯ್ತಾನೆ. ಹೆಣ ಹೋಗೋ ದಿನ ಕೊಳ ಮುಚ್ಚಿರ್ತಾರೆ. ಆದರೆ ಮಕ್ಕಳು ನುಸುಳಿಬಿಟ್ಟಿದ್ದಾರೆ, ಒಳಗಿಂದ ನಗು ಕೇಳಿಸ್ತಿದೆ. ಆ ನಗುವಿನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬೇಸಿಗೆಯಲ್ಲಿ ನಾನಾಗಿದ್ರೂ ನುಸುಳ್ತಿದ್ದೆ.

ಇಂಗ್ಲಿಷ್‌ನಲ್ಲಿ ಹೋವರ್ಡ್ ಗೋಲ್ಡ್‌ಬ್ಲಾಟ್ ಅನುವಾದ ಮಾಡಿದ್ದಾರೆ. ಸೇಬಿನ ಕಥೆಯ ಹೆಸರಿನ ಸಂಕಲನ 2001ರಲ್ಲಿ ಬಂದಿದೆ. ಮೊದಲು ‘ಗೊಂಬೆ’ ಓದಿ, ಆಮೇಲೆ ‘ಜಾಗಟೆ’. ಈ ಕ್ರಮದಲ್ಲಿ ಓದಿದ್ರೆ, ಎರಡನೇ ಕಥೆಯಲ್ಲಿ ರಿಕ್ಷಾ ಬಂದಾಗ ಅದನ್ನ ತುಳೀತಿರೋನು ಕುನ್‌ಶುನೇ ಇರಬಹುದಾ ಅಂತ ಅನುಮಾನ ಬರುತ್ತೆ. ನನಗಂತೂ ಬಂತು. ಮುಂದಿನ ಸಂಚಿಕೆಯಲ್ಲಿ ಸಿಗೋಣ.