ಮೂಕಪ್ರಾಣಿಗಳ ಮೇಲೆ ನಾವು ಹೊರಿಸುವ ಗುಣದೋಷಗಳು

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಒಂದು ಅನ್ಯಾಯವು ನಡೆದುಹೋಯಿತು. ಬೆಳಗ್ಗೆ ಎದ್ದು ಅಡಿಗೆಮನೆಗೆ ಹೋಗಿ ನೋಡಲಾಗಿ, ಹಾಲಿನ ಪಾತ್ರೆಯು ಉರುಳಿ ಹಾಲೆಲ್ಲವೂ ನೆಲದ ಪಾಲಾಗಿದ್ದಿತು. ಬಾಗಿಲ ಬಳಿಯಲ್ಲಿ ನಾವು ಸಾಕಿದ ನಾಯಿಯು ಮಲಗಿತ್ತು. ನಾವು ಗದರಿಸಿದೊಡನೆ ಅದು ಕಿವಿಗಳನ್ನು ಹಿಂದಕ್ಕೆ ಮಡಿಸಿ, ಬಾಲವನ್ನು ಕಾಲುಗಳ ನಡುವೆ ಅಡಗಿಸಿ, ನಮ್ಮ ಮುಖವನ್ನು ನೋಡಲಾರದೆ ತಲೆತಗ್ಗಿಸಿತು. "ಇನ್ನು ಸಾಕ್ಷಿ ಬೇರೆ ಬೇಕೆ? ಕಳ್ಳನ ಮನಸ್ಸು ಹುಳ್ಳುಳ್ಳಗೆ!" ಎಂದು ತೀರ್ಪಿತ್ತು, ಬೆತ್ತದಿಂದ ಎರಡು ಏಟು ಬಿಗಿದೆವು. ಮರುದಿನ ಅದೇ ಹೊತ್ತಿಗೆ ಹೆಂಚಿನ ಸಂದಿಯಿಂದ ಇಳಿದುಬಂದ ಬೆಕ್ಕೊಂದು ಹಾಲಿಗೆ ಬಾಯಿಹಾಕಿದುದನ್ನು ಕಣ್ಣಾರೆ ಕಂಡೆವು. "ಪಾಪ, ಬಾಯಿಲ್ಲದ ಪ್ರಾಣಿ ಸುಮ್ಮಸುಮ್ಮನೆ ಪೆಟ್ಟು ತಿಂದಿತಲ್ಲೋ!" ಎಂದು ನಮ್ಮ ತಾಯಿಯವರು ಮರುಗಿದರು. ನಮಗೆ ನಾಚಿಕೆಯಾಯಿತು.

ನಾಯಿಯ ಮುಖದಲ್ಲಿ ನಾವು ಕಂಡ ಆ 'ತಪ್ಪಿತಸ್ಥ'ನ ಭಾವವು ಎಲ್ಲಿಂದ ಬಂದಿತು? 2009ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯು ಇದಕ್ಕೆ ಉತ್ತರವನ್ನು ಕೊಡುತ್ತದೆ. ಅಮೆರಿಕಾದ ವಿದುಷಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬಾಕೆಯು 14 ನಾಯಿಗಳನ್ನು ಪರೀಕ್ಷಿಸಿದಳು. ತಿಂಡಿಯನ್ನು ಮುಟ್ಟಕೂಡದೆಂದು ನಾಯಿಗೆ ಹೇಳಿ ಯಜಮಾನನು ಹೊರಗೆ ಹೋಗುವನು; ಹಿಂದಿರುಗಿದಾಗ ನಾಯಿಯು ಆಜ್ಞೆಯನ್ನು ಮೀರಿತೆಂದೋ ಪಾಲಿಸಿತೆಂದೋ ಅವನಿಗೆ ತಿಳಿಸುವರು. ಕೆಲವು ಸಲ ಹಾಗೆ ತಿಳಿಸಿದುದು ಸುಳ್ಳಾಗಿರುತ್ತಿತ್ತು. ಕಡೆಗೆ ಕಂಡುಬಂದುದೇನು? ನಾಯಿಯು ತಲೆತಗ್ಗಿಸುವುದಕ್ಕೂ ತಪ್ಪು ಮಾಡಿರುವುದಕ್ಕೂ ಸಂಬಂಧವಿರಲಿಲ್ಲ. ಯಜಮಾನನು ಗದರಿಸಿದುದೇ ಕಾರಣವಾಗಿದ್ದಿತು. ತಪ್ಪು ಮಾಡದೆಯೇ ಬೈಸಿಕೊಂಡ ನಾಯಿಗಳಲ್ಲಿ ಆ ಭಾವವು ಇನ್ನೂ ಹೆಚ್ಚಾಗಿ ತೋರಿತು. ನಾವು ಪಶ್ಚಾತ್ತಾಪವೆಂದು ತಿಳಿದುದು ನಮ್ಮ ಕೋಪಕ್ಕೆ ಅದು ಕೊಟ್ಟ ಉತ್ತರವಷ್ಟೆ.

ಮೃಗಪಕ್ಷಿಗಳಿಗೆ ಮನುಷ್ಯನ ಸ್ವಭಾವವನ್ನು ಆರೋಪಿಸುವ ಪದ್ಧತಿಯು ಬಹು ಪುರಾತನವಾದುದು. ಪಂಚತಂತ್ರದ ಕಥೆಗಳನ್ನು ಕೇಳದ ಮಕ್ಕಳುಂಟೆ? ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಚಕ್ರವರ್ತಿಯಾದ ಜಯಸಿಂಹನ ಆಸ್ಥಾನದಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ಅವುಗಳನ್ನು ಕನ್ನಡಕ್ಕೆ ತಂದನು. ಅದಕ್ಕೂ ಮೊದಲೇ, ಆರನೆಯ ಶತಮಾನದಲ್ಲಿ, ಅವು ಪಾರಸಿಕ ದೇಶವನ್ನು ಸೇರಿದ್ದುವು. ಎಂಟನೆಯ ಶತಮಾನದಲ್ಲಿ ಅರಬ್ಬೀ ಭಾಷೆಯನ್ನು ಹೊಕ್ಕು, ನಮ್ಮ ಕರಟಕ ದಮನಕರೆಂಬ ನರಿಗಳು ಅಲ್ಲಿ ಕಲೀಲ ದಿಮ್ನರೆನಿಸಿದುವು. ಆ ಕಥೆಗಾರರು ಅರಮನೆಯ ಕುಟಿಲ ಮಂತ್ರಿಗಳನ್ನು ಚಿತ್ರಿಸುವುದಕ್ಕೆ ನರಿಯ ವೇಷವನ್ನು ಬಳಸಿಕೊಂಡರು. ನೀತಿಯನ್ನು ಬೋಧಿಸುವುದಕ್ಕೆ ಇದು ಸೊಗಸಾದ ಉಪಾಯವೇ ಸರಿ. ಆದರೆ ಕಾಲಕ್ರಮದಲ್ಲಿ ನಾವು ವೇಷವನ್ನೇ ನಿಜವೆಂದು ನಂಬಿ, ಕಾಡಿನ ನರಿಯನ್ನೇ ಕಪಟಿಯೆಂದು ಕರೆದೆವು. ಹಣ್ಣುಹಂಪಲು, ಇಲಿ, ಸತ್ತ ಪ್ರಾಣಿಯ ಮಾಂಸ, ಸಿಕ್ಕಿದುದನ್ನು ತಿಂದು, ಗಂಡುಹೆಣ್ಣು ಜೊತೆಗೂಡಿ ಮರಿಗಳನ್ನು ಸಾಕುವ ಆ ಬಡಪ್ರಾಣಿಯಲ್ಲಿ ಕಪಟವೆಲ್ಲಿ ಬಂದಿತು? ಕೊಕ್ಕರೆಯು ಕೆರೆಯಲ್ಲಿ ಅಲುಗದೆ ನಿಂತಿರುವುದು ಮೀನು ಬೆದರಬಾರದೆಂದು. ನಾವು ಅದನ್ನು ಬಕಧ್ಯಾನವೆಂದು ಹೇಳಿ ಹೀಯಾಳಿಸುವೆವು.

ಕತ್ತೆಯ ಪಾಡಂತೂ ಹೇಳತೀರದು. ಲೆಕ್ಕ ತಪ್ಪಿದ ಹುಡುಗನನ್ನು ಬೈಯುವುದಕ್ಕೆ ನಮಗೆ ಮೊದಲು ಸಿಗುವುದು ಅದರ ಹೆಸರೇ. ಭಯವಾದಾಗ ಕುದುರೆಯು ಓಡಿಹೋಗುವುದು. ಕತ್ತೆಯಾದರೋ ನಿಂತಲ್ಲಿಯೇ ನಿಂತು ಅಪಾಯವೇನೆಂದು ನೋಡುವುದು. ಆಫ್ರಿಕಾದ ಮರುಭೂಮಿಯ ಕಾಡುಕತ್ತೆಗಳಿಂದ ಬಂದ ವಂಶಕ್ಕೆ ಇದು ತಕ್ಕ ಸ್ವಭಾವವೇ ಆಗಿದೆ. ಈ ಎಚ್ಚರಿಕೆಯನ್ನು ನಾವು ಮೊಂಡುತನವೆಂದು ಕರೆದು ಬೆನ್ನಿಗೆ ಬಾರಿಸುವೆವು.

ಗೂಬೆಯ ಕಥೆಯು ಇದಕ್ಕಿಂತಲೂ ಶೋಚನೀಯವಾದುದು. ಪ್ರಾಚೀನ ಅಥೆನ್ಸ್ ನಗರದವರು ಅದನ್ನು ಜ್ಞಾನದೇವತೆಯ ಪಕ್ಷಿಯೆಂದು ಭಾವಿಸಿ ನಾಣ್ಯಗಳ ಮೇಲೆ ಅಚ್ಚುಹಾಕಿಸಿದರು. ಬಂಗಾಳದವರು ಅದನ್ನು ಲಕ್ಷ್ಮಿಯ ವಾಹನವೆಂದರು. ನಮ್ಮಲ್ಲಿಯೋ ಅದು ಮನೆಯ ಮೇಲೆ ಕುಳಿತರೆ ಕೇಡೆಂದು ಬೆದರುವರು. ಇಲ್ಲದ ಅಪವಾದವನ್ನು ಹೊರಿಸುವುದಕ್ಕೆ ಗೂಬೆ ಕೂರಿಸುವುದೆಂದೇ ನಮ್ಮ ನುಡಿಯಲ್ಲಿ ಹೆಸರು! ಪಕ್ಷಿ ಒಂದೇ, ಒಂದೂರಿನಲ್ಲಿ ಪಂಡಿತ, ಇನ್ನೊಂದೂರಿನಲ್ಲಿ ಪಾಪಿ. ಹಾಗಾದರೆ ಆ ಗುಣವು ಪಕ್ಷಿಯದೋ ನಮ್ಮದೋ? ನಿಜವಾಗಿ ನೋಡಿದರೆ ಅದು ಸದ್ದಿಲ್ಲದೆ ಹಾರಿ, ಕತ್ತಲೆಯಲ್ಲಿ ಕಿವಿಯ ಬಲದಿಂದಲೇ ಇಲಿಯನ್ನು ಹಿಡಿದು, ರೈತನ ಕಣಜವನ್ನು ಕಾಯುವ ಉಪಕಾರಿ. 1972ರ ವನ್ಯಜೀವಿ ಸಂರಕ್ಷಣಾ ಶಾಸನವು ಅದನ್ನು ಕೊಲ್ಲುವುದನ್ನು ನಿಷೇಧಿಸಿದೆ. ಆದರೂ ಮಾಟಮಂತ್ರಗಳಿಗಾಗಿ ದೇಶದ ಹಲವೆಡೆಗಳಲ್ಲಿ ಅದು ಇಂದಿಗೂ ಬಲಿಯಾಗುತ್ತಿದೆ. ನಾವು ಅಂಟಿಸಿದ ಹೆಸರಿಗೆ ಅದು ಪ್ರಾಣವನ್ನು ತೆರುತ್ತಿದೆ.

ದೋಷಗಳಂತೆ ಗುಣಗಳನ್ನೂ ನಾವು ಅತಿಯಾಗಿ ಆರೋಪಿಸುವುದುಂಟು. ಜರ್ಮನಿಯ ಬರ್ಲಿನ್ ನಗರದಲ್ಲಿ ಹಾನ್ಸ್ ಎಂಬ ಕುದುರೆಯು ಗೊರಸನ್ನು ತಟ್ಟಿ ಲೆಕ್ಕಗಳಿಗೆ ಉತ್ತರ ಹೇಳುವುದೆಂದು 1904ರ ಸುಮಾರಿಗೆ ದೊಡ್ಡ ಪ್ರಖ್ಯಾತಿಯಾಯಿತು. ಪ್ಫುಂಗ್‌ಸ್ಟ್ ಎಂಬ ಶೋಧಕನು ಪರೀಕ್ಷಿಸಿ ನೋಡಲಾಗಿ, ಪ್ರಶ್ನೆ ಕೇಳುವವನಿಗೆ ಉತ್ತರವು ತಿಳಿಯದಿದ್ದರೆ ಕುದುರೆಗೂ ತಿಳಿಯುತ್ತಿರಲಿಲ್ಲ! ಸರಿಯಾದ ಸಂಖ್ಯೆಯು ಬಂದಾಗ ಕೇಳುವವನ ತಲೆಯು ಅವನಿಗೆ ಅರಿವಿಲ್ಲದಂತೆ ಕೊಂಚ ಅಲುಗುತ್ತಿತ್ತು. ಕುದುರೆಯು ಅದನ್ನು ಕಂಡು ತಟ್ಟುವುದನ್ನು ನಿಲ್ಲಿಸುತ್ತಿತ್ತು. ಗಣಿತವನ್ನು ಅರಿಯದಿದ್ದರೂ ಮನುಷ್ಯನನ್ನು ಅದೆಷ್ಟು ಸೂಕ್ಷ್ಮವಾಗಿ ಅದು ಓದಿತ್ತು!

ಹೀಗೆಂದು ಪ್ರಾಣಿಗಳಿಗೆ ಮನಸ್ಸೇ ಇಲ್ಲವೆನ್ನುವುದೂ ತಪ್ಪು. 1960ರಲ್ಲಿ ಆಫ್ರಿಕಾದ ಗೊಂಬೆ ಕಾಡಿಗೆ ಹೋದ ಜೇನ್ ಗುಡಾಲ್ ಎಂಬಾಕೆಯು ಚಿಂಪಾಂಜಿಗಳಿಗೆ ಹೆಸರುಗಳನ್ನಿಟ್ಟು, ಒಂದೊಂದರ ಸ್ವಭಾವವನ್ನೂ ಬರೆದಿಟ್ಟಳು. ಪಂಡಿತರು ಹೆಸರೇಕೆ, ಸಂಖ್ಯೆ ಸಾಲದೆ ಎಂದು ಆಕ್ಷೇಪಿಸಿದರು. ಆದರೆ ಆ ಪ್ರಾಣಿಗಳು ಕಡ್ಡಿಯನ್ನು ಸಾಧನವನ್ನಾಗಿ ಮಾಡಿಕೊಂಡು ಗೆದ್ದಲನ್ನು ಹಿಡಿಯುವುದನ್ನು ಲೋಕಕ್ಕೆ ತೋರಿಸಿದವಳು ಆಕೆಯೇ.

ನಮ್ಮ ಪೂರ್ವಿಕರಿಗೂ ಇಂಥ ಕಣ್ಣು ಇದ್ದಿತು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದ ಶಿಲಾಶಾಸನವೊಂದು ಕ್ರಿ. ಶ. 949-50ಕ್ಕೆ ಸೇರಿದುದು. ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಕೃಷ್ಣನು ಮೆಚ್ಚಿ ಏನು ಬೇಕೆಂದು ಕೇಳಿದಾಗ, ಮಣಲೇರನೆಂಬ ವೀರನು ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿಯು ಕಾಡುಹಂದಿಯೊಡನೆ ಹೋರಾಡಿ, ಎರಡೂ ಮಡಿದುವು. ಅದಕ್ಕಾಗಿ ಕಲ್ಲನ್ನು ನೆಡಿಸಿ ಭೂಮಿಯನ್ನು ಬಿಟ್ಟರು. ಮನುಷ್ಯವೀರನಿಗೆ ಸಲ್ಲುವ ಗೌರವವು ನಾಯಿಗೆ ಸಂದಿತು. ಅದಾದರೋ ಆ ನಾಯಿಯು ನಿಜವಾಗಿ ಮಾಡಿದ ಕೆಲಸಕ್ಕೆ ಸಂದ ಗೌರವ.

ಮಕ್ಕಳಿಗೆ ನರಿಯ ಕಥೆಯನ್ನು ಅವಶ್ಯವಾಗಿ ಹೇಳೋಣ. ಅದರೊಡನೆ ನಿಜವಾದ ನರಿಯ ಸಂಗತಿಯನ್ನೂ ಹೇಳೋಣ. ಪ್ರಾಣಿಯನ್ನು ದಂಡಿಸುವ ಮುನ್ನ ಅದರ ಮುಖದಲ್ಲಿ ಕಾಣುವುದು ಅದರ ಮನಸ್ಸೋ ನಮ್ಮ ಮನಸ್ಸಿನ ನೆರಳೋ ಎಂದು ಯೋಚಿಸೋಣ. ನಮ್ಮ ಮನೆಯ ಬೆತ್ತವನ್ನು ಅಂದೇ ಒಲೆಗೆ ಹಾಕಿದೆವು. ನಾಯಿಯಾದರೋ ಆ ಸಂಜೆ ಎಂದಿನಂತೆಯೇ ಬಾಲವನ್ನಾಡಿಸುತ್ತ ಬಾಗಿಲಿಗೆ ಬಂದಿತು. ಅದು ನಮ್ಮನ್ನು ಕ್ಷಮಿಸಿತೆಂದು ಬರೆಯಲು ಕೈ ತವಕಿಸುತ್ತಿದೆ. ಆದರೆ ಇಷ್ಟೆಲ್ಲ ಹೇಳಿದ ಮೇಲೆ ಹಾಗೆ ಬರೆಯುವ ಧೈರ್ಯವು ನಮಗಿಲ್ಲ.