ಈ ಸಿದ್ಧಾರ್ಥ ಬುದ್ಧ ಅಲ್ಲ!

ನಾವು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯಿಂದ ಬಂದ ನಾಲ್ವರು. ಕಳೆದ ಸೆಮಿಸ್ಟರ್ ರಜೆಯಲ್ಲಿ ಒಂದೇ ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸಿಕೊಂಡು ಓದಿದ್ವಿ: ಹರ್ಮನ್ ಹೆಸ್ಸೆಯ 'ಸಿದ್ಧಾರ್ಥ'. ಹನ್ನೆರಡೇ ಅಧ್ಯಾಯಗಳ ಪುಟ್ಟ ಕಾದಂಬರಿ. ಓದೋಕೆ ಎರಡು ದಿನ ಸಾಕು, ಅದರ ಬಗ್ಗೆ ನಮ್ಮ ಜಗಳ ಮಾತ್ರ ರಜೆಯಿಡೀ ನಡೀತು.

ಮೊದಲು ಒಂದು ಗೊಂದಲ ಬಗೆಹರಿಸೋಣ. ಈ ಸಿದ್ಧಾರ್ಥ ಗೌತಮ ಬುದ್ಧ ಅಲ್ಲ. ಬುದ್ಧನ ಕಾಲದಲ್ಲಿ ಬದುಕಿದ್ದ ಎಂದು ಲೇಖಕರು ಕಲ್ಪಿಸಿದ ಒಬ್ಬ ಬ್ರಾಹ್ಮಣನ ಮಗ. ಬುದ್ಧ ಇಲ್ಲಿ 'ಗೋತಮ' ಎಂಬ ಬೇರೆ ಪಾತ್ರವಾಗಿ ಬರುತ್ತಾನೆ.

ಜರ್ಮನ್ ಲೇಖಕನಿಗೆ ನಮ್ಮ ದೇಶದ ಕಥೆ ಯಾಕೆ? ಹೆಸ್ಸೆಯ ತಾಯಿ ಹುಟ್ಟಿದ್ದು ಕೇರಳದ ತಲಶ್ಶೇರಿಯಲ್ಲಿ. ಅಜ್ಜ ಹರ್ಮನ್ ಗುಂಡರ್ಟ್ ಮಲಯಾಳಂ ನಿಘಂಟು ಮಾಡಿದವರು. ತಂದೆ ಬಾಸೆಲ್ ಮಿಷನ್ ಪರವಾಗಿ ನಮ್ಮ ಮಂಗಳೂರಿನಲ್ಲೇ ಕೆಲಸ ಮಾಡಿದ್ದವರು. ಕಾದಂಬರಿ ಹೊರಬಂದದ್ದು 1922ರಲ್ಲಿ. ಹೆಸ್ಸೆಗೆ ನೊಬೆಲ್ ಸಿಕ್ಕಿದ್ದು 1946ರಲ್ಲಿ.

ಕಥೆ ಸರಳ. ಸಿದ್ಧಾರ್ಥ ಮನೆ ಬಿಟ್ಟು ಗೆಳೆಯ ಗೋವಿಂದನ ಜೊತೆ ಶ್ರಮಣರನ್ನು ಸೇರುತ್ತಾನೆ. ಆಮೇಲೆ ಬುದ್ಧನನ್ನು ಕಾಣುತ್ತಾನೆ. ಗೋವಿಂದ ಅಲ್ಲೇ ಉಳಿಯುತ್ತಾನೆ, ಇವನು ಹೊರಡುತ್ತಾನೆ. ಬುದ್ಧನ ಮಾತು ತಪ್ಪು ಅಂತಲ್ಲ. ಬುದ್ಧನಿಗೆ ಆದ ಅನುಭವ ಬುದ್ಧನ ಮಾತಿನಿಂದ ತನಗೆ ಸಿಗೋದಿಲ್ಲ ಅಂತ. ಮುಂದೆ ಕಮಲಾಳ ಪ್ರೀತಿ, ಕಾಮಸ್ವಾಮಿಯ ವ್ಯಾಪಾರ, ಜೂಜು, ಜಿಗುಪ್ಸೆ. ಕೊನೆಗೆ ಒಂದು ನದಿ, ಒಬ್ಬ ಅಂಬಿಗ.

ಇಲ್ಲೇ ನಮ್ಮ ಜಗಳ ಶುರು. 'ಬುದ್ಧನ ಹತ್ತಿರವೇ ಕಲಿಯಲ್ಲ ಅಂದ್ರೆ ಅಹಂಕಾರ ಅಲ್ವಾ?' ಅಂದ ಒಬ್ಬ. ಉತ್ತರ ಕೊಟ್ಟದ್ದು ಚನ್ನಪಟ್ಟಣದವನು. ಅವರ ಬೀದಿಯಲ್ಲಿ ಬೊಂಬೆ ಮಾಡುವ ಲೇಥ್‌ಗಳಿವೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಬಣ್ಣ ಹಿಡಿಯುತ್ತೆ. ಘರ್ಷಣೆ, ಉಷ್ಣ ಎಲ್ಲಾ ನಾವು ಓದಿ ಪಾಸಾಗಿದ್ದೀವಿ. ಅವನು ಕೈ ಹಾಕಿದ ದಿನ ಬಣ್ಣ ಗಂಟುಗಂಟಾಗಿ ಕೂತಿತಂತೆ. ಎಷ್ಟು ಒತ್ತಬೇಕು ಅನ್ನೋದನ್ನ ಕಸುಬುದಾರರು ಹೇಳಿದ್ರೂ ಅವನ ಕೈಗೆ ಬರಲಿಲ್ಲ. ಹೇಳಿಕೊಡಬಹುದಾದ್ದು ಜ್ಞಾನ, ಹೇಳಿಕೊಡಲಾಗದ್ದು ವಿವೇಕ. ಕಾದಂಬರಿಯ ತಿರುಳು ಇಷ್ಟೇ.

ಹೆಸ್ಸೆಗೂ ಇದೇ ಆಯ್ತು. ಅರ್ಧಕ್ಕೂ ಹೆಚ್ಚು ಬರೆದ ಮೇಲೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬರವಣಿಗೆ ನಿಂತುಬಿಟ್ಟಿತು. ಹುಡುಕಾಟದ ಸಂಕಟ ಅವರಿಗೆ ಗೊತ್ತಿತ್ತು, ಗೆದ್ದವನ ಶಾಂತಿ ಗೊತ್ತಿರಲಿಲ್ಲ. ಅನುಭವಿಸದೆ ಬರೆಯಲಾಗಲಿಲ್ಲ.

ಆದರೆ ನಮ್ಮನ್ನು ಹೆಚ್ಚು ಕಾಡಿದ್ದು ಅಪ್ಪ-ಮಗನ ಭಾಗ. ಅಪ್ಪನನ್ನು ಬಿಟ್ಟು ಹೋದ ಸಿದ್ಧಾರ್ಥನನ್ನು ಅವನ ಮಗನೂ ಬಿಟ್ಟು ಓಡಿಹೋಗುತ್ತಾನೆ. ಆಗಲೇ ಅವನಿಗೆ ತನ್ನ ಅಪ್ಪನ ನೋವು ಅರ್ಥವಾಗೋದು. ನಮ್ಮಲ್ಲಿ ಇಬ್ಬರ ಫೀಸು ಬಂದದ್ದು ರೇಷ್ಮೆಗೂಡಿನ ದುಡ್ಡಿನಿಂದ. ಹುಳು ಹಣ್ಣಾಗುವ ದಿನಗಳಲ್ಲಿ ಮನೆಯವರಿಗೆ ನಿದ್ದೆ ಇರಲ್ಲ. 'ನನ್ನ ದಾರಿ ನಾನೇ ಹುಡುಕ್ಕೋತೀನಿ' ಅನ್ನೋ ಮಾತಿನ ಖರ್ಚು ಯಾರು ಭರಿಸ್ತಾರೆ? ಆ ಪುಟ ಓದಿದ ರಾತ್ರಿ ನಮ್ಮಲ್ಲೊಬ್ಬ ಮನೆಗೆ ಫೋನ್ ಮಾಡಿ, ಏನೂ ಹೇಳದೆ, 'ಊಟ ಆಯ್ತಾ?' ಅಂತ ಮಾತ್ರ ಕೇಳಿದ.

ಕೊನೆಯಲ್ಲಿ ಸಿದ್ಧಾರ್ಥ ನದಿಯ ಮಾತು ಕೇಳುತ್ತಾನೆ. ನಮಗೂ ಒಂದು ನದಿ ಇದೆ, ಅರ್ಕಾವತಿ. ನಂದಿ ಬೆಟ್ಟದಲ್ಲಿ ಹುಟ್ಟಿ, ಮಾಗಡಿ ತಾಲ್ಲೂಕಿನ ಮಂಚನಬೆಲೆ, ರಾಮನಗರ, ಕನಕಪುರ ದಾಟಿ ಸಂಗಮದಲ್ಲಿ ಕಾವೇರಿ ಸೇರುತ್ತೆ. ದಾರಿಯಲ್ಲಿ ವೃಷಭಾವತಿ ಬೆಂಗಳೂರಿನ ಕೊಳಚೆಯನ್ನೂ ತಂದು ಸುರಿಯುತ್ತೆ. ಪುಸ್ತಕ ಹಿಡಿದು ದಡಕ್ಕೆ ಹೋದ ನಾವು ಮೂಗು ಮುಚ್ಚಿಕೊಂಡು ವಾಪಸ್ ಬಂದ್ವಿ. ಕಾದಂಬರಿಯ ನದಿಯಲ್ಲಿ ನಗು, ಅಳು ಎಲ್ಲಾ ದನಿಗಳೂ ಒಟ್ಟಿಗೆ ಇರುತ್ತವೆ. ನಮ್ಮ ನದಿಯ ದನಿ ಕೇಳೋಕೆ ಮೊದಲು ಹತ್ತಿರ ನಿಲ್ಲೋ ಧೈರ್ಯ ಬೇಕು.

ಒಂದು ಸಲಹೆ: ಒಬ್ಬರೇ ಓದಬೇಡಿ. ದಿನಕ್ಕೊಂದು ಅಧ್ಯಾಯ ಓದಿ, ಗೆಳೆಯರ ಜೊತೆ ಜಗಳ ಆಡಿ. ಮುಗಿದ ಮೇಲೆ ಮನೆಗೊಂದು ಫೋನ್ ಮಾಡಿ.