ಮಗಳ ಶಾಲೆ, ತಾಯಿಯ ಹಕ್ಕು

ಮಗಳ ಓದು ತಾಯಿಗೆ ಪರದೇಶದಲ್ಲಿ ಉಳಿಯುವ ಹಕ್ಕು ತಂದುಕೊಡಬಲ್ಲದೇ? ತಂದುಕೊಟ್ಟಿದೆ.

ಆಗಿನ್ನೂ ಬ್ರಿಟನ್ ಐರೋಪ್ಯ ಒಕ್ಕೂಟದಲ್ಲಿತ್ತು. ದುಡಿಯಲು ಬಂದ ಸದಸ್ಯ ದೇಶಗಳವರ ಮಕ್ಕಳು ಸ್ಥಳೀಯ ಮಕ್ಕಳಂತೆಯೇ ಶಾಲೆ ಸೇರಬಹುದು ಎನ್ನುತ್ತದೆ ಒಕ್ಕೂಟದ ಕಾನೂನು. ಪೋರ್ಚುಗಲ್‌ನಿಂದ 1989ರಲ್ಲಿ ಬಂದಿದ್ದ ತಾಯಿಯೊಬ್ಬರು ಮುಂದೆ ಕೆಲಸವಿಲ್ಲದೆ ವಸತಿ ನೆರವು ಕೇಳಿದರು. ಲಂಡನ್ನಿನ ಲ್ಯಾಂಬೆತ್ ಆಡಳಿತ ಒಪ್ಪಲಿಲ್ಲ: ಆದಾಯವಿಲ್ಲ, ಹಾಗಾಗಿ ಇಲ್ಲಿರುವ ಹಕ್ಕೂ ಇಲ್ಲ!

ಮಕ್ಕಳ ಶಿಕ್ಷಣ ಕಡ್ಡಾಯ ಎನ್ನುವ ದೇಶವೇ ತಾಯಿಗೆ ಹೀಗೆಂದರೆ, ಮಗು ಯಾರ ಆಸರೆಯಲ್ಲಿ ಓದಬೇಕು?

2010ರಲ್ಲಿ ಲಕ್ಸೆಂಬರ್ಗ್‌ನ ಐರೋಪ್ಯ ನ್ಯಾಯಾಲಯ ತೀರ್ಪಿತ್ತಿತು: ಓದುತ್ತಿರುವ ಮಗುವಿಗೆ ಅಲ್ಲೇ ಉಳಿಯುವ ಹಕ್ಕಿದೆ, ನೋಡಿಕೊಳ್ಳುವ ತಾಯಿಗೂ ಇದೆ. ಆದಾಯದ ಷರತ್ತು ಹಾಕುವಂತಿಲ್ಲ. ಬಡವರ ಮಕ್ಕಳಿಗೆ ಇದಕ್ಕಿಂತ ದೊಡ್ಡ ಆಸರೆ ಬೇರೇನು ಬೇಕು?

ಮಗುವಿಗೆ 18 ತುಂಬಿದರೂ, ಓದು ಮುಗಿಸಲು ತಾಯಿಯ ಆರೈಕೆ ಬೇಕಿದ್ದರೆ, ಆಕೆಯ ಹಕ್ಕು ಮುಂದುವರಿಯುತ್ತದೆ.